ಸತ್ತವರ ಬಟ್ಟೆ ಯಾರದು?

ನಮ್ಮಜ್ಜಿ ಸತ್ತಾಗ ಬಿಟ್ಟುಹೋದದ್ದು ಒಂದು ತಗಡಿನ ಪೆಟ್ಟಿಗೆ. ಜಾಗದ ಪತ್ರ ಇರಲಿಲ್ಲ. ಫೋಟೋ ಇರಲಿಲ್ಲ, ರೇಷನ್ ಕಾರ್ಡಿನ ಮಸಿ ಹಿಡಿದ ಮುಖವನ್ನು ಫೋಟೋ ಎನ್ನುವುದಾದರೆ ಅದೊಂದು ಇತ್ತು. ಬೊಜ್ಜ ಮುಗಿದ ಮರುದಿನ ಪೆಟ್ಟಿಗೆ ತೆರೆದೆವು. ಐದು ಸೀರೆ, ಎರಡು ರವಿಕೆ, ಅವಳಿಗಿಂತ ಬಹಳ ಮೊದಲೇ ಸತ್ತ ಅಜ್ಜನ ಒಂದು ಬೈರಾಸು. ಕಡಬದ ಸುತ್ತಿನ ಗದ್ದೆ ತೋಟಗಳಲ್ಲಿ ಎಂಬತ್ತರ ತನಕ ಬೆನ್ನು ಬಗ್ಗಿಸಿದ ಜೀವದ ಒಟ್ಟು ಆಸ್ತಿ ಅದು.

ಅಪ್ಪೆ ಅದನ್ನೆಲ್ಲ ಜಗಲಿಯಲ್ಲಿ ಹರವಿದಳು. "ಇದನ್ನು ಸೇರಿಸಿ ಒಂದು ಹೊದಿಕೆ ಹೊಲಿತೇನೆ" ಎಂದಳು.

ಮಾವ ಒಪ್ಪಲಿಲ್ಲ. "ಸತ್ತವರ ಕುಂಟು ಮನೆಯಲ್ಲಿಟ್ರೆ ಕುಲೆ ಬಿಟ್ಟು ಹೋಗುದಿಲ್ಲ ಅಕ್ಕ. ಸುಟ್ಟುಬಿಡುವ." ಕುಂಟು ಎಂದರೆ ನಮ್ಮ ತುಳುವಿನಲ್ಲಿ ಬಟ್ಟೆ, ಕುಲೆ ಎಂದರೆ ಸತ್ತವರ ಜೀವ. ನಾವೂ ಒಪ್ಪಲಿಲ್ಲ. ನಾವು ಓದಿದವರು, ಈ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ತಲೆ, ಕುಲೆಗೆ ಹೆದರುವವರಲ್ಲ. ನಮ್ಮ ತಕರಾರು ಬೇರೆಯದು. ಆ ಐದರಲ್ಲಿ ಮೂರು ಸೀರೆ ಧಣಿಗಳ ಮನೆಯವು. "ಸುಡಲೇಬೇಕು" ಎಂದು ನಾವೂ ಪಟ್ಟು ಹಿಡಿದೆವು. ಮೂಢನಂಬಿಕೆಯೂ ವಿಚಾರವಾದವೂ ಅಂದು ಒಂದೇ ಬೆಂಕಿಪೆಟ್ಟಿಗೆ ಹಿಡಿದು ನಮ್ಮ ಅಂಗಳದಲ್ಲಿ ನಿಂತಿದ್ದವು. ಅಪ್ಪೆ ಇಬ್ಬರಿಗೂ ಸೇರಿಸಿ ಒಂದೇ ಮಾತು ಹೇಳಿದಳು: "ಉಪ್ಪಡ್." ಇರಲಿ, ಅಂತ.

ಎರಡು ವರ್ಷದಿಂದ ಆ ಮಾತು ನಮ್ಮನ್ನು ಬಿಟ್ಟಿಲ್ಲ. ಗೆಳೆಯರ ಮುಂದೆ ಅದನ್ನು ಬಿಚ್ಚಿಡಬೇಕಾಗಿದೆ.

ಮೊದಲು ನಮ್ಮ ವಾದ ಹೇಳುತ್ತೇವೆ, ಅದು ಸುಳ್ಳಿನ ವಾದವೇನಲ್ಲ. ನಮ್ಮ ಹಿರಿಯರು ಮೂಲದಾಳುಗಳು. ಧಣಿಯ ಭೂಮಿಯ ಜೊತೆಗೆ ಕೊಟ್ಟು ಕೊಳ್ಳುವ ವಸ್ತುವಾಗಿದ್ದವರು. 1843ರಲ್ಲಿ ಬ್ರಿಟಿಷರ ಕಾನೂನು ಗುಲಾಮಗಿರಿಯನ್ನು ಒಪ್ಪುವುದಿಲ್ಲವೆಂದಿತು, 1976ರಲ್ಲಿ ನಮ್ಮದೇ ಸರಕಾರ ಜೀತವನ್ನು ರದ್ದು ಮಾಡಿತು. ನೂರಮೂವತ್ತಮೂರು ವರ್ಷಗಳ ಅಂತರದಲ್ಲಿ ಎರಡು ಸಲ ಬಿಡುಗಡೆಯಾಗಬೇಕಾದರೆ ಮೊದಲನೆಯ ಸಲ ಎಂಥ ಬಿಡುಗಡೆ ಆಗಿತ್ತೆಂದು ನೀವೇ ಲೆಕ್ಕ ಹಾಕಿ. ಅಜ್ಜಿಯ ಕಾಲಕ್ಕೆ ಕೂಲಿಯೆಂದರೆ ಅಕ್ಕಿ, ಮತ್ತೆ ವರ್ಷಕ್ಕೊಂದು ಹಳೆ ಸೀರೆ. ಕೈಯಿಂದ ಕೈಗೆ ಕೊಡುವ ಕ್ರಮ ಇಲ್ಲ. ಜಗಲಿಯಿಂದ ಅಂಗಳಕ್ಕೆ ಬೀಳುತ್ತಿತ್ತು, ಇವಳು ಬಗ್ಗಿ ಹೆಕ್ಕಿಕೊಳ್ಳಬೇಕಿತ್ತು.

ಇದಕ್ಕೆ ಶಾಸ್ತ್ರದ ಆಧಾರವೂ ಉಂಟು. ಚಂಡಾಲರು ಹೆಣದ ಮೇಲಿನ ಬಟ್ಟೆಯನ್ನೇ ಉಡಬೇಕು, ಒಡೆದ ಪಾತ್ರೆಯಲ್ಲೇ ಉಣ್ಣಬೇಕು ಎಂದು ಮನುಸ್ಮೃತಿಯ ಹತ್ತನೆಯ ಅಧ್ಯಾಯ ವಿಧಿಸುತ್ತದೆ. ಅಂದರೆ ಸತ್ತವರ ಬಟ್ಟೆ ನಮಗೆ ಹೊಸ ವಿಷಯವಲ್ಲ, ನಮ್ಮ ಮೈಮೇಲೆ ಹೇರಿದ ಸಮವಸ್ತ್ರ. ಇನ್ನೊಬ್ಬರ ಉಗುರು ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ ಅಜಲು ಪದ್ಧತಿಯನ್ನು ನಿಲ್ಲಿಸಲು ಕರ್ನಾಟಕಕ್ಕೆ 2000ದಲ್ಲಿ ಒಂದು ಪ್ರತ್ಯೇಕ ಕಾಯಿದೆಯೇ ಬೇಕಾಯಿತು. ಆದ್ದರಿಂದಲೇ 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿಗೆ ಬೆಂಕಿ ಬಿತ್ತು. ಅದೇ ಮಹಾಡಿನಲ್ಲಿ, ಅದೇ ದಿನಗಳಲ್ಲಿ, ಬಾಬಾಸಾಹೇಬರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, ಜಾತಿಯ ಗುರುತು ಹೇಳುವ ಉಡುಗೆಯ ರೀತಿಯನ್ನು ಬಿಡಿ ಎಂದರು. ಪುಸ್ತಕಕ್ಕೆ ಬೆಂಕಿ, ಸೀರೆ ಉಡುವ ಕ್ರಮಕ್ಕೆ ಬದಲಾವಣೆ: ಎರಡೂ ಒಂದೇ ಹೋರಾಟ.

ಇಷ್ಟನ್ನು ನಾವು ಅಪ್ಪೆಗೆ ಹೇಳಿದೆವು. ಭಾಷಣದ ಧಾಟಿಯಲ್ಲೇ ಹೇಳಿದೆವು, ಈಗ ನಾಚಿಕೆಯಾಗುತ್ತದೆ. ಅವಳು ಕೇಳಿದಳು, ಸೂಜಿಗೆ ನೂಲು ಪೋಣಿಸಿಕೊಡಲು ಹೇಳಿದಳು. ಬೀಡಿ ಕಟ್ಟಿ ಬ್ರಾಂಚಿಗೆ ಕೊಟ್ಟು ಬಂದ ಮೇಲೆ ಸಂಜೆ ಹೊಲಿಯುತ್ತಿದ್ದಳು. ಅಂದು ಹೊಲಿಯುತ್ತಲೇ ಹೇಳಿದಳು: "ಅಲ್ಲ ಮಗಾ, ಈ ನೀಲಿ ಸೀರೆ ಅಲ್ಲಿಯ ಅಮ್ಮನವರು ಉಟ್ಟದ್ದು ಹೆಚ್ಚಂದ್ರೆ ಎರಡು ವರ್ಷ. ಅಜ್ಜಿ ಹನ್ನೆರಡು ವರ್ಷ ಉಟ್ಟಿದ್ದಾಳೆ. ನೇಜಿ ನೆಡುವಾಗ ಉಟ್ಟಿದ್ದಾಳೆ. ನಿನ್ನನ್ನು ಹೊಳೆ ದಾಟಿಸುವಾಗ ಬೆನ್ನಿಗೆ ಕಟ್ಟಿದ್ದು ಇದರಲ್ಲೇ. ಎಷ್ಟು ಕಡೆ ತೇಪೆ ಹಾಕಿದ್ದಾಳೆ, ಲೆಕ್ಕ ಮಾಡು. ಇನ್ನೂ ಇದು ಅವರ ಸೀರೆಯಾ?"

ಲೆಕ್ಕ ಮಾಡಿದೆವು. ಹದಿನೇಳು.

ಉಳುವವನೇ ಹೊಲದೊಡೆಯ ಎಂಬ ಘೋಷಣೆಯನ್ನು ಕೂಗಿ ಗಂಟಲು ಕಟ್ಟಿಸಿಕೊಂಡ ಪರಂಪರೆ ನಮ್ಮದು. 1974ರ ಭೂಸುಧಾರಣೆಯ ತಿದ್ದುಪಡಿಯಲ್ಲಿ ಈ ಜಿಲ್ಲೆಯ ಎಷ್ಟೋ ಒಕ್ಕಲುಗಳಿಗೆ ಭೂಮಿ ದಕ್ಕಿತು. ಆದರೆ ಗೇಣಿ ಚೀಟಿ ಇದ್ದವನು ಒಕ್ಕಲು. ಕೆಸರಲ್ಲಿ ನಿಂತವನು ಆಳು, ಅವನ ಹೆಸರಲ್ಲಿ ಚೀಟಿ ಎಲ್ಲಿಯದು? ನಮ್ಮಂಥವರಿಗೆ ಸಿಕ್ಕಿದ್ದು ಮನೆ ಅಡಿಯ ಐದು ಸೆಂಟ್ಸು. ಯಾವ ಕಾಯಿದೆಯೂ ಅಜ್ಜಿಗೆ ಹೊಲ ಕೊಡಲಿಲ್ಲ. ಹಾಗಿರುವಾಗ, ತೇಪೆ ಹಾಕಿದವಳೇ ಸೀರೆಯ ಒಡತಿ ಎಂದು ಅಪ್ಪೆ ಹೇಳಿದರೆ, ನಮ್ಮದೇ ಸಿದ್ಧಾಂತವನ್ನು ನಮಗಿಂತ ಮುಂದಕ್ಕೆ ಒಯ್ದವಳು ಅವಳೇ ಅಲ್ಲವೇ? ನಾವು ಸೀರೆಯ ಮೂಲ ನೋಡಿದೆವು. ಮೂಲ ನೋಡಿ ಬೆಲೆ ಕಟ್ಟುವ ಚಾಳಿ ಯಾರದು? ನಮ್ಮನ್ನು ಹಾಗೆ ನೋಡಿದವರದೇ.

ಹಾಗೆಂದು ಇಲ್ಲಿಗೆ ಒಪ್ಪಿ ಸುಮ್ಮನಾಗುವಂತಿಲ್ಲ. ಬಡವರ ಹರಕನ್ನು ಕಲೆಯೆಂದು ಕೊಂಡಾಡುವ ಒಂದು ರೋಗ ಈಗ ಹಬ್ಬಿದೆ. ಉತ್ತರ ಕರ್ನಾಟಕದ ಕೌದಿ ಪಟ್ಟಣದ ಬೈಠಕ್ ಕೋಣೆಯ ಗೋಡೆಗೆ ಬಂದಿದೆ. ನಮ್ಮ ಮನೆಯದನ್ನು ನೋಡಿದ ಗೆಳೆಯರೊಬ್ಬರು, ಒಳ್ಳೆಯ ಮನಸ್ಸಿನವರೇ, "ಇದಕ್ಕೆ ಚೌಕಟ್ಟು ಹಾಕಿಸಿ" ಎಂದರು. ಅಜ್ಜಿ ತಾನು ಬದುಕಿದ್ದಾಗ ಹರಕು ಸೇರಿಸಿ ಹೊಲಿದದ್ದು ಕಲೆಗಲ್ಲ, ನೆನಪಿಗೂ ಅಲ್ಲ. ಆಟಿಯ ಮಳೆಗೆ ಸೋಗೆಯ ಮಾಡು ಸೋರುವಾಗ ಮಕ್ಕಳಿಗೆ ಹೊದೆಸಲು. ಒಂದು ಕಂಬಳಿ ಕೊಡುತ್ತೇವೆಂದಿದ್ದರೆ ಹತ್ತು ಕೌದಿ ಕೊಟ್ಟುಬಿಡುತ್ತಿದ್ದಳು. ಇದನ್ನು ಮರೆತು ಹೊಲಿಗೆಯನ್ನು ಹೊಗಳಿದರೆ ಅದು ಹಸಿವನ್ನು ಹೊಗಳಿದಂತೆ.

ಆದರೂ ಒಂದು ವಿಷಯ ಯೋಚಿಸಬೇಕು. ದಾಸ್ಯದಿಂದ ಬಂದ ಜನ ಎಲ್ಲಿದ್ದರೂ ಬಟ್ಟೆಯ ಚೂರುಗಳನ್ನು ಯಾಕೆ ಹೀಗೆ ಸೇರಿಸುತ್ತಾರೆ? ದೂರ ಹೋಗುವುದು ಬೇಡ, ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಸಿದ್ದಿಯರನ್ನು ನೋಡಿ. ಗೋವೆಯ ಪೋರ್ಚುಗೀಸರು ಆಫ್ರಿಕಾದಿಂದ ತಂದ ಗುಲಾಮರ ಸಂತತಿ, ಕಾಡಿಗೆ ಓಡಿಬಂದು ಉಳಿದವರು. 2003ರಲ್ಲಷ್ಟೇ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಹೊಲಿಯುತ್ತ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೆ ಮಡಚಿದ ಮುಕ್ಕೋನದ ಬಟ್ಟೆ ಇಟ್ಟು ಹೊಲಿಯಬೇಕು, ಅದಕ್ಕೆ ಫೂಲ, ಹೂವು ಎನ್ನುತ್ತಾರೆ. ಹೂವಿಲ್ಲದ ಕೌದಿ ಬತ್ತಲೆ ಅಂತ ಅವರ ಮಾತು. ಹರಕು ಬಟ್ಟೆಗೂ ಮಾನ ಉಂಟು, ಅದನ್ನು ಬತ್ತಲೆ ಬಿಡಬಾರದು ಎಂದು ಬಗೆಯುವ ಜನ, ತಾವು ಮಾನ ಕಳೆದುಕೊಂಡವರೆಂದು ಒಪ್ಪಿಲ್ಲ.

ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಹಳ್ಳಿ. ಮೂರು ಕಡೆ ಹೊಳೆ ಸುತ್ತಿದ ಕರಿಯರ ಊರು. ಊರಿನ ಅರ್ಧಕ್ಕರ್ಧ ಜನರ ಅಡ್ಡಹೆಸರು ಪೆಟ್ವೇ, ಅದು ಅವರನ್ನು ಗುಲಾಮರಾಗಿ ಇಟ್ಟುಕೊಂಡ ಒಡೆಯನ ಹೆಸರು. 1962ರಲ್ಲಿ, ಅಲ್ಲಿಯವರು ಮತದ ಹಕ್ಕು ಕೇಳಲು ಹೊರಟ ಕಾಲದಲ್ಲಿ, ಹೊಳೆ ದಾಟುವ ದೋಣಿಯನ್ನೇ ನಿಲ್ಲಿಸಿದರು. ಅದು ಮತ್ತೆ ಬಂದದ್ದು 2006ಕ್ಕೆ. ಆ ಊರಿನ ಮಿಸೌರಿ ಪೆಟ್ವೇ ಎಂಬ ಹೆಂಗಸು 1942ರಲ್ಲಿ ಗಂಡ ಸತ್ತಾಗ, ಅವನು ಹೊಲದಲ್ಲಿ ದುಡಿಯುವಾಗ ತೊಡುತ್ತಿದ್ದ ಬಟ್ಟೆಗಳನ್ನು ಹರಿದು ಒಂದು ಹೊದಿಕೆ ಹೊಲಿದಳು. ಅವನನ್ನು ನೆನೆಯುವುದಕ್ಕೆ, ಮತ್ತು ಹೊದ್ದುಕೊಳ್ಳುವುದಕ್ಕೆ. ಈ ಎರಡನೆಯದನ್ನು ಮರೆಯಬೇಡಿ. ಆ ಬಟ್ಟೆಯ ಹತ್ತಿ ಯಾರದ್ದಾಗಿದ್ದರೂ ಮೊಣಕಾಲಿನ ಸವೆತ ಅವನದು.

ಇನ್ನೊಂದು ಇದೆ, ಅದು ಹೊದೆಯಲು ಅಲ್ಲ. ಏಡ್ಸ್ ಬಂದು ಸತ್ತವರ ಹೆಣವನ್ನು ಮುಟ್ಟಲು ಜನ ಹೇಸುತ್ತಿದ್ದ ದಿನಗಳಲ್ಲಿ, ಎಷ್ಟೋ ಮಂದಿಗೆ ಮನೆಯವರೇ ಅಂತ್ಯಕ್ರಿಯೆ ಮಾಡದಿದ್ದಾಗ, ಅಮೆರಿಕದ ಗೆಳೆಯರು ಸತ್ತವರ ಹೆಸರು ಹೊಲಿದ ಬಟ್ಟೆಯ ಹಾಸುಗಳನ್ನು ಮಾಡತೊಡಗಿದರು. ಒಂದೊಂದು ಹಾಸು ಮೂರು ಅಡಿ ಅಗಲ, ಆರು ಅಡಿ ಉದ್ದ. ಒಂದು ಗುಂಡಿಯ ಅಳತೆ. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ಬಯಲಲ್ಲಿ ಅಂಥ 1,920 ಹಾಸುಗಳನ್ನು ಹರವಿದರು. ಈಗ ಅವು ಸುಮಾರು 50,000, ತೂಕ ಐವತ್ತನಾಲ್ಕು ಟನ್ನು. ಮುಟ್ಟಬಾರದ ಹೆಣಗಳ ಹೆಸರನ್ನು ಸರಕಾರದ ಅಂಗಳಕ್ಕೇ ತಂದು ಹಾಸಿದರು.

ಮೂರು ಅಡಿ, ಆರು ಅಡಿ. ಇದನ್ನು ಓದಿದಾಗ ನಮಗೆ ಅಜ್ಜನ ಜಾಗ ನೆನಪಾಯಿತು. ಅವನನ್ನು ಹೂತದ್ದು ಗುಡ್ಡೆಯ ಬದಿಯಲ್ಲಿ, ತಲೆಯ ಕಡೆ ಒಂದು ಕಲ್ಲು ಇಟ್ಟು. ಈಗ ಅಲ್ಲಿ ಯಾರದೋ ರಬ್ಬರ್ ತೋಟ. ಸಾಲು ಸಾಲು ಮರ, ಮರಕ್ಕೊಂದು ಚಿಪ್ಪು, ಕಲ್ಲು ಎಲ್ಲಿ ಹೋಯಿತೋ. ಐದು ಸೆಂಟ್ಸಿನಲ್ಲಿ ಬದುಕಿದವರಿಗೇ ಜಾಗ ಸಾಲದು, ಸತ್ತವರಿಗೆ ಎಲ್ಲಿಂದ? ಹಾಗಾಗಿ ಅಪ್ಪೆ ಹೊದಿಕೆಯ ನಡುವಿಗೆ ಆ ಬೈರಾಸು ಇಟ್ಟು ಹೊಲಿದದ್ದನ್ನು ನಾವು ಬರಿಯ ಹೊಲಿಗೆ ಎಂದು ನೋಡಲಾರೆವು. ಅಜ್ಜನಿಗೆ ಈ ಭೂಮಿಯ ಮೇಲೆ ಈಗ ಇರುವ ಜಾಗ ಅದೊಂದೇ.

ಮಾವನ ಮಾತಿಗೂ ಇಲ್ಲೇ ಉತ್ತರ ಉಂಟು. ಆಟಿಯಲ್ಲಿ ನಾವು ಕುಲೆಗಳಿಗೆ ಬಳಸುತ್ತೇವೆ, ಬನ್ನಿ ಉಣ್ಣಿ ಎಂದು ಕರೆಯುತ್ತೇವೆ. ಮದುವೆಯಾಗದೆ ಸತ್ತವರಿಗೆ ತುಳುನಾಡಿನಲ್ಲಿ ಮದುವೆಯನ್ನೂ ಮಾಡುತ್ತಾರೆ, ಹೊಸ ಸೀರೆ ಉಡಿಸುತ್ತಾರೆ. ಬದುಕಿದ್ದಾಗ ಹೊಸತು ಕಾಣದವಳಿಗೆ ಸತ್ತ ಮೇಲೆ ಹೊಸತು. ಅವಳು ನಿಜವಾಗಿ ಉಟ್ಟದ್ದಕ್ಕೆ ಬೆಂಕಿ! ಅಪ್ಪೆ ತಮ್ಮನಿಗೆ ಹೇಳಿದ್ದು ಇಷ್ಟೇ: "ಹೋಗದಿದ್ರೆ ಇರ್ಲಿ ಮಾರಾಯ. ಅಮ್ಮ ಮನೆಯಲ್ಲೇ ಇದ್ರೆ ನಿಂಗೆಂತ ಕಷ್ಟ?" ಮಾವ ಸುಮ್ಮನಾದ. ಮರುದಿನ ಪೇಟೆಯಿಂದ ಒಂದು ಉಂಡೆ ಗಟ್ಟಿ ನೂಲು ತಂದುಕೊಟ್ಟ.

ಉಳಿದ ಎರಡು ಸೀರೆಯ ಮಾತು ಹೇಳಲಿಲ್ಲ. ಒಂದು, ಸರಕಾರ ಕಡಿಮೆ ಬೆಲೆಗೆ ಕೊಟ್ಟ ಜನತಾ ಸೀರೆ, ದೊರಗು. ಇನ್ನೊಂದು ಅಜ್ಜಿ ಬೀಡಿಯ ದುಡ್ಡು ಕೂಡಿಟ್ಟು ಪುತ್ತೂರಿನಲ್ಲಿ ತಾನೇ ಆರಿಸಿ ಕೊಂಡದ್ದು, ಕೆಂಪು. ಯಾರೂ ಎಸೆಯದೆ ಕೈಗೆ ಬಂದ ಅವಳ ಮೊದಲ ಸೀರೆ. ಅದನ್ನು ಹಾಳಾದೀತೆಂದು ಉಡಲೇ ಇಲ್ಲ. ಮಡಿಕೆಯಲ್ಲೇ ಹರಿದಿತ್ತು. ಅಪ್ಪೆ ಅತ್ತದ್ದು ಅದೊಂದನ್ನು ಕತ್ತರಿಸುವಾಗ ಮಾತ್ರ.

ನಮ್ಮಲ್ಲೊಂದು ಪ್ರಶ್ನೆ ಹಾಗೆಯೇ ಉಳಿದಿದೆ. ಈ ಹೊದಿಕೆಯನ್ನು ದಿನಾ ಹೊದೆಯುತ್ತೇವೆ. ಅಕ್ಕನ ಮಗು ಉಚ್ಚೆ ಹೊಯ್ಯುತ್ತದೆ, ಒಗೆಯುತ್ತೇವೆ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುತ್ತೇವೆ. ಹತ್ತು ಮಳೆಗಾಲ ಕಳೆದರೆ ಇದೂ ಹರಿಯುತ್ತದೆ. ಧಣಿಗಳ ಅಜ್ಜನ ಹೆಸರು ಪಹಣಿಯಲ್ಲಿ ಗಟ್ಟಿ ಕೂತಿದೆ, ನಮ್ಮಜ್ಜಿ ಒಗೆತಕ್ಕೊಮ್ಮೆ ಸವೆಯುತ್ತಿದ್ದಾಳೆ. ಪೆಟ್ಟಿಗೆಯಲ್ಲಿಟ್ಟರೆ ಉಳಿದೀತು, ಕೆಂಪು ಸೀರೆ ಉಳಿದ ಹಾಗೆ. ಅಪ್ಪೆಗೆ ಇದನ್ನು ಹೇಳಿದರೆ, "ನೀನು ಬರೆಯುವವ ಅಲ್ವಾ, ಬರಿ" ಎಂದು ನಮ್ಮ ಮೇಲೆಯೇ ಹಾಕಿದಳು. ಬರೆದಿದ್ದೇವೆ. ಕಾಗದ ಆ ಬಟ್ಟೆಯಷ್ಟು ಬೆಚ್ಚಗಿಲ್ಲ.

ಹೊಲಿಗೆ ಮುಗಿದ ದಿನ ನಾವು ಗಮನಿಸಿದ್ದು ಒಂದು. ಕೆಂಪು ಸೀರೆಯ ಚೂರುಗಳೆಲ್ಲ ತಲೆಯ ಕಡೆ ಇದ್ದವು. ಧಣಿಗಳ ಮನೆಯ ಮೂರೂ ಸೀರೆಗಳ ಜರಿ ಅಂಚನ್ನು ಬಿಚ್ಚಿ, ಒಂದಕ್ಕೊಂದು ಜೋಡಿಸಿ, ಕಾಲಿನ ಕಡೆಗೆ ಹಾಕಿದ್ದಳು. ಯಾಕೆಂದು ಕೇಳಿದರೆ, "ಅಲ್ಲಿ ಗಟ್ಟಿ ಬೇಕು, ಕಾಲು ತಾಗ್ತದೆ" ಎಂದಳಷ್ಟೆ. ಆ ರಾತ್ರಿ ಎದ್ದು ನೋಡಿದರೆ ಮಗು ಹೊರಳಿ ಹೊರಳಿ ಹೊದಿಕೆ ತಿರುಗಿತ್ತು, ಜರಿ ಅಂಚು ಅದರ ಗಲ್ಲದ ಹತ್ತಿರ ಬಂದಿತ್ತು. ಎಬ್ಬಿಸದ ಹಾಗೆ ಮೆಲ್ಲ ಎಳೆದು ತಿರುಗಿಸಿ ಹೊದೆಸಿದೆವು.