ಕುಂಡದಲ್ಲಿ ನೆಟ್ಟ ಗಿಡದ ಹೊಣೆ

ಖಾನಾಪುರ ತಾಲ್ಲೂಕಿನ ಕಣಕುಂಬಿಯು ಮಲಪ್ರಭೆಯ ಉಗಮಸ್ಥಾನ. ಸಹ್ಯಾದ್ರಿಯ ಮಡಿಲಿನ ಈ ಊರಿನ ಸುತ್ತ ಮಳೆ ಹೇರಳ, ಮಣ್ಣು ಕೆಂಪು. ಕೇಪಳದಂತಹ ನಿತ್ಯಹಸಿರಿನ ಹೂಪೊದೆಗಳಿಗೆ ಇಂತಹ ನೆಲವೇ ಹಿತ. ಬುಡದಲ್ಲಿ ನೀರು ನಿಲ್ಲದ, ತುಸು ಹುಳಿಗುಣವುಳ್ಳ ಮಣ್ಣು ಮತ್ತು ದಿನಕ್ಕೆ ನಾಲ್ಕಾರು ತಾಸಿನ ಬಿಸಿಲು ದೊರೆತರೆ ಅವು ತಾವಾಗಿಯೇ ಬೆಳೆಯುತ್ತವೆ. ಉದುರಿದ ಎಲೆಯೇ ಗೊಬ್ಬರವಾಗುತ್ತದೆ. ಅಲ್ಲಿನ ಗಿಡವು ಯಾರ ಹಂಗಿನಲ್ಲಿಯೂ ಇಲ್ಲ.

ಅದೇ ಜಾತಿಯ ಗಿಡವು ಕುಂಡದಲ್ಲಿ ಕುಳಿತು ಪಟ್ಟಣದ ಬಸದಿಯ ಅಂಗಳಕ್ಕೆ ಬಂದಾಗ ಸ್ಥಿತಿಯೇ ಬೇರೆ. ಪಂಚಕಲ್ಯಾಣ ಮಹೋತ್ಸವದ ಶೋಭೆಗಾಗಿ ಕೇಪಳ, ದಾಸವಾಳ, ನಂದಿಬಟ್ಟಲುಗಳ ಕುಂಡಗಳನ್ನು ತರಿಸುವುದುಂಟು. ಉತ್ಸವ ಮುಗಿದೊಡನೆ ಚಪ್ಪರ ಬಿಚ್ಚಲ್ಪಡುತ್ತದೆ, ಪಾತ್ರೆಗಳು ಉಗ್ರಾಣ ಸೇರುತ್ತವೆ. ಕುಂಡಗಳು ಮಾತ್ರ ಗೋಡೆಯ ಬದಿಯಲ್ಲಿ ಉಳಿದು ಬೇಸಿಗೆಯಲ್ಲಿ ಒಣಗುತ್ತವೆ. ಅವುಗಳನ್ನು ಯಾರೂ ಕೊಂದಿಲ್ಲ. ಆದರೂ ಅವು ಸತ್ತಿವೆ. ಈ ದೋಷ ಯಾರ ಪಾಲಿನದು?

ಶ್ರಾವಕನ ಅಹಿಂಸಾಣುವ್ರತವು ಮುಖ್ಯವಾಗಿ ತ್ರಸಜೀವಗಳ ಸಂಕಲ್ಪಹಿಂಸೆಯನ್ನು ತ್ಯಜಿಸುವುದು. ಗಿಡವಾದರೋ ಏಕೇಂದ್ರಿಯ ಸ್ಥಾವರಜೀವ, ಆದುದರಿಂದ ಇಷ್ಟೊಂದು ಚಿಂತೆ ಬೇಡವೆಂದು ಕೆಲವರು ಹೇಳಬಹುದು. ಸ್ಥಾವರಹಿಂಸೆಯನ್ನು ಪೂರ್ಣವಾಗಿ ಬಿಡುವುದು ಗೃಹಸ್ಥನಿಗೆ ಅಸಾಧ್ಯವೆಂಬುದು ನಿಜ. ಆದರೆ ಅನಿವಾರ್ಯವಾದುದಕ್ಕೆ ದೊರೆತ ವಿನಾಯಿತಿಯು ನಿಷ್ಪ್ರಯೋಜಕವಾದುದಕ್ಕೆ ಅನ್ವಯಿಸದು. ಪ್ರಮಾದದಿಂದಾಗುವ ವ್ಯರ್ಥಹಿಂಸೆಯನ್ನು ತಡೆಯಲೆಂದೇ ಅನರ್ಥದಂಡವಿರತಿಯೆಂಬ ಪ್ರತ್ಯೇಕ ವ್ರತವಿದೆ. ಮೂರು ದಿನದ ಶೋಭೆಗಾಗಿ ತಂದು ಮರೆತ ಗಿಡದ ಸಾವು ಇದಕ್ಕೆ ಸೇರದೆ ಇನ್ನಾವುದಕ್ಕೆ ಸೇರೀತು?

ಇನ್ನೊಂದು ದೃಷ್ಟಿಯೂ ಉಂಟು. ತತ್ತ್ವಾರ್ಥಸೂತ್ರದ 7ನೇ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಅತಿಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಇವು ಆಳು ಮತ್ತು ದನಕರುಗಳನ್ನು ಕುರಿತ ಮಾತುಗಳೆಂದೇ ತಿಳಿಯಲಾಗಿದೆ. ಆದರೆ ಇವುಗಳ ಹಿಂದಿರುವ ತತ್ತ್ವವು ಒಂದೇ: ಯಾವ ಜೀವವನ್ನು ನಾವು ನಮ್ಮ ಅಧೀನದಲ್ಲಿರಿಸಿಕೊಂಡೆವೋ ಅದರ ಹೊಣೆ ನಮ್ಮದು. ಕುಂಡದ ಗಿಡವು ಕಟ್ಟಿದ ಹಸುವಿನಂತೆಯೇ ಪರಾಧೀನ. ಅದರ ಬೇರು ನೀರನ್ನು ಅರಸಿ ಹೋಗಲಾರದು. ಕುಂಡದೊಳಗೆ ಬೇರು ಸುತ್ತಿ ಸುತ್ತಿ ಬಿಗಿದರೆ ಅದು ಬಂಧನ, ಹೂ ಕೀಳುವಾಗ ಕೊಂಬೆ ಮುರಿದರೆ ಆಘಾತ, ವಿನೋದಕ್ಕಾಗಿ ಪ್ರಾಣಿಯ ಆಕಾರದಲ್ಲಿ ಕತ್ತರಿಸಿದರೆ ಛೇದನ, ದೀಪದ ಸರ ಬಿಗಿದರೆ ಅತಿಭಾರ, ನೀರುಣಿಸದಿದ್ದರೆ ಅನ್ನಪಾನನಿರೋಧ. ಒಣಗಿದ ಅಥವಾ ರೋಗ ತಗುಲಿದ ಕೊಂಬೆಯನ್ನು ತೆಗೆಯುವುದು ಮಾತ್ರ ಚಿಕಿತ್ಸೆಯೇ ಹೊರತು ಛೇದನವಲ್ಲ.

ನೆಲ ಅಗೆದರೆ ಎರೆಹುಳು ಸಾಯುತ್ತದೆ, ನೀರೆರೆದರೆ ಅಪ್ಕಾಯಿಕ ಜೀವಗಳಿಗೆ ಬಾಧೆ; ಹಾಗಾದರೆ ಗಿಡ ನೆಡದಿರುವುದೇ ಲೇಸಲ್ಲವೇ ಎಂಬ ಆಕ್ಷೇಪವು ಹುರುಳಿಲ್ಲದ್ದಲ್ಲ. ನೆಡದಿದ್ದವನಿಗೆ ದೋಷವಿಲ್ಲ. ಅಂಗಳಕ್ಕೆ ಕೇವಲ ಅಲಂಕಾರ ಬೇಕಿದ್ದರೆ ಕಲ್ಲಿನ ಹೂವು ಸಾಕು. ಬೆಳಗಾವಿ ಕೋಟೆಯೊಳಗೆ ರಟ್ಟರ 4ನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಕಮಲ ಬಸದಿಯ ಛಾವಣಿಯಲ್ಲಿ ಅರಳಿದ ಶಿಲಾಕಮಲವು ಎಂಟು ಶತಮಾನಗಳಿಂದ ಒಂದು ಹನಿ ನೀರನ್ನೂ ಬೇಡಿಲ್ಲ. ಜೀವಂತ ಗಿಡವನ್ನೇ ಬಯಸಿದವನು ಅದರ ಬಾಯಾರಿಕೆಯನ್ನೂ ಒಪ್ಪಿಕೊಂಡಂತೆ. ಅದರ ಬೆಲೆಯನ್ನು ಖರ್ಚಿನ ಪುಟದಲ್ಲಿ ಬರೆದು ಲೆಕ್ಕ ಮುಗಿಸಲಾಗದು. ಅದು ದಿನವೂ ತೀರಿಸಬೇಕಾದ ಬಾಕಿ.

ಕರುಣೆಗೆ ಜ್ಞಾನದ ನೆರವೂ ಬೇಕು. ಮಲಪ್ರಭೆಯು ಕಣಕುಂಬಿಯ ಕೆಂಪುನೆಲದಿಂದ ಸವದತ್ತಿಯ ಎರೆನೆಲಕ್ಕೆ ಸಲೀಸಾಗಿ ಹರಿದು ಹೋಗುತ್ತಾಳೆ. ಕೇಪಳಕ್ಕೆ ಆ ಪಯಣ ಸುಲಭವಲ್ಲ. ಸುಣ್ಣದಂಶ ಹೆಚ್ಚಿದ ಮಣ್ಣಿನಲ್ಲಿ ಅದರ ಬೇರು ಕಬ್ಬಿಣದಂಶವನ್ನು ಹೀರಲಾರದೆ, ಎಳೆಯ ಎಲೆಗಳ ನರಗಳಷ್ಟೇ ಹಸಿರಾಗಿ ಉಳಿದೆಲ್ಲ ಭಾಗ ಹಳದಿಯಾಗುತ್ತದೆ. ಹೊಸ ಸಿಮೆಂಟು ಗೋಡೆಯ ಬುಡದಲ್ಲಿ ನೆಟ್ಟರೂ ಇದೇ ಗತಿ. ಇದನ್ನರಿಯದೆ ನೀರು ಸುರಿದಷ್ಟೂ ಬೇರು ಕೊಳೆಯುವುದು. ಹಿಟ್ಟುತಿಗಣೆಗೆ ವಿಷ ಸಿಂಪಡಿಸುವ ಪ್ರಸಂಗ ಬಾರದಂತೆ ಗಿಡಗಳ ನಡುವೆ ಗಾಳಿಯಾಡಲು ಅಂತರ ಬಿಟ್ಟು, ಎಲೆಗಳ ಅಡಿಭಾಗವನ್ನು ಮೊದಲಿನಿಂದಲೇ ಗಮನಿಸುತ್ತಿರುವುದು ಶ್ರೇಯಸ್ಕರ. ಕೀಟವು ನೆಲೆಸಿದ ಮೇಲೆ ಕೊಲ್ಲುವುದಕ್ಕಿಂತ ನೆಲೆಸದಂತೆ ನೋಡಿಕೊಳ್ಳುವುದು ವ್ರತಕ್ಕೆ ಸಮೀಪವಾದುದು.

ಬಸದಿಗಳ ಆಡಳಿತ ಮಂಡಳಿಯವರು ಕುಂಡಗಳನ್ನು ತರಿಸುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲಿ: ಉತ್ಸವದ ಮರುದಿನ ಇವುಗಳಿಗೆ ನೀರೆರೆಯುವವರು ಯಾರು? ಆ ಹೆಸರು ದೊರೆತರೆ ಬೇಕಾದಷ್ಟು ಗಿಡಗಳು ಬರಲಿ. ದೊರೆಯದಿದ್ದರೆ ಅಂಗಳವು ಬರಿದಾಗಿಯೇ ಇರಲಿ. ಆ ಬರಿದು ಅಂಗಳವೂ ಜಿನನಿಗೆ ಸಲ್ಲುವ ಪೂಜೆಯೇ.