ಅದು ಪರೀಕ್ಷೆಗೆ ಬರೂದಿಲ್ಲ

ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯ ಲೆಕ್ಕ ಸರಳ. ಸರ್ಕಾರಿ ಇಲ್ಲವೇ ಅನುದಾನಿತ ಶಾಲೆಯಲ್ಲಿ ಎಂಟನೆಯ ತರಗತಿ ಓದುತ್ತಿರುವ, ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ದಾಟದ ಮಕ್ಕಳಿಗೆ ಅದು. ಎರಡು ಪತ್ರಿಕೆ, ಒಂದೊಂದರಲ್ಲಿ 90 ಪ್ರಶ್ನೆ, ಒಂದೊಂದಕ್ಕೆ 90 ನಿಮಿಷ. ಎರಡನೆಯ ಪತ್ರಿಕೆಯಲ್ಲಿ ವಿಜ್ಞಾನಕ್ಕೆ 35, ಸಮಾಜಕ್ಕೆ 35, ಗಣಿತಕ್ಕೆ 20. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವ ತನಕ ವರ್ಷಕ್ಕೆ 12,000 ರೂಪಾಯಿ. ಎಂಟನೆಯ ತರಗತಿ ಮುಗಿದ ಕೂಡಲೇ ಬಡವರ ಮಕ್ಕಳು ಶಾಲೆ ಬಿಡಬಾರದೆಂದೇ 2008ರಲ್ಲಿ ಕೇಂದ್ರ ಸರ್ಕಾರ ಇದನ್ನು ಶುರು ಮಾಡಿತು.

ಹೀಗಾಗಿ ಪರೀಕ್ಷೆಯನ್ನು ಹಳಿಯುವವರ ಜೊತೆ ದನಿಗೂಡಿಸಲು ನನಗೆ ಮನಸ್ಸಿಲ್ಲ. ಬೈಲಹೊಂಗಲದ ಕಡೆ ಹೊಲದ ಕೂಲಿಗೆ ಹೋಗುವ ತಾಯಿಗೆ, ರಾಮದುರ್ಗದಲ್ಲಿ ಮಗ್ಗ ನೆಚ್ಚಿಕೊಂಡ ಮನೆಗೆ, ತಿಂಗಳಿಗೆ ಸಾವಿರ ರೂಪಾಯಿ ಎಂದರೆ ಮಗಳ ಮದುವೆಯ ಮಾತನ್ನು ಇನ್ನಷ್ಟು ವರ್ಷ ಮುಂದೆ ಹಾಕುವ ಧೈರ್ಯ. ಉತ್ತರ ಹಾಳೆಯ ವೃತ್ತ ತುಂಬಿದರೆ ಜ್ಞಾನ ಬರುವುದಿಲ್ಲ ಎಂದು ಭಾಷಣ ಮಾಡುವವರ ಮಕ್ಕಳು ಸಾಮಾನ್ಯವಾಗಿ ಈ ಪರೀಕ್ಷೆಗೆ ಅರ್ಹರೇ ಆಗಿರುವುದಿಲ್ಲ. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕೂಡ್ರಿಸಿಕೊಂಡು, ಹಳೆಯ ಪ್ರಶ್ನೆಪತ್ರಿಕೆಗಳ ಝೆರಾಕ್ಸಿಗೆ ತಮ್ಮ ಕಿಸೆಯಿಂದಲೇ ದುಡ್ಡು ಹಾಕಿ ಓದಿಸುವ ಶಿಕ್ಷಕರ ಬಗ್ಗೆ ಗೌರವವಲ್ಲದೆ ಬೇರೇನೂ ಇಲ್ಲ.

ತಕರಾರಿರುವುದು ಆ ಹೊತ್ತಿನಲ್ಲಿ ಕೇಳಿಬರುವ ಒಂದು ಮಾತಿನ ಬಗ್ಗೆ. ಮಗು ಏನೋ ಕೇಳುತ್ತದೆ. “ಅದು ಪರೀಕ್ಷೆಗೆ ಬರೂದಿಲ್ಲ, ಬಿಡು” ಎಂದು ಉತ್ತರ ಬರುತ್ತದೆ. ನಾಲ್ಕಾರು ಸಲ ಹೀಗಾದರೆ ಸಾಕು, ಮಗುವೇ ಮೊದಲು ಕೇಳಿಕೊಳ್ಳುತ್ತದೆ: “ಸರ್, ಇದು ಬರತೈತ್ರೀ?” ಬರುವುದಾದರೆ ಪೆನ್ನು ಓಡುತ್ತದೆ, ಇಲ್ಲದಿದ್ದರೆ ಕಿವಿ ಮುಚ್ಚುತ್ತದೆ. ಗಣಿತದಲ್ಲಿ ಇದರಿಂದ ಆಗುವ ನಷ್ಟ ಸಣ್ಣದು. ಸಮಾಜದಲ್ಲಿ, ಅದರಲ್ಲೂ ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂಬ ಈ ನಾಲ್ಕು ತಾಲ್ಲೂಕುಗಳಲ್ಲಿ, ಸಣ್ಣದಲ್ಲ. ಇಲ್ಲಿ ಪುಸ್ತಕದ ಇಸವಿಗಳು ಬೇರೆ ಯಾರದೋ ಊರಿನವಲ್ಲ.

ಕಿತ್ತೂರಿನ ಪ್ರಶ್ನೆಯನ್ನೇ ನೋಡಿ. ಬ್ರಿಟಿಷರು ಯಾಕೆ ಏರಿ ಬಂದರು ಎಂದರೆ ‘ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿ’ ಎಂದು ಹೇಳಿ ಮುಗಿಸುವುದು ರೂಢಿ. ಆ ನೀತಿ ತಂದವನು ಡಾಲ್‌ಹೌಸಿ, ಅವನು ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ ಎಂಬುದು ಮುಂದಿನ ಪಾಠ. ಆದರೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಸತ್ತದ್ದು 1824ರ ಅಕ್ಟೋಬರ್ 23ರಂದು. ಇಪ್ಪತ್ನಾಲ್ಕು ವರ್ಷದ ಆಮೇಲಿನ ನೀತಿ ಆಗಲೇ ಹೇಗೆ ಯುದ್ಧ ತಂದಿತು ಎಂದು ಚುರುಕಾದ ಹುಡುಗಿ ಕೇಳಿಯೇ ಕೇಳುತ್ತಾಳೆ. ಒಳ್ಳೆಯ ಉತ್ತರವಿದೆ. ದತ್ತಕವನ್ನು ಒಪ್ಪುವುದು ಬಿಡುವುದು ತನ್ನ ಅಧಿಕಾರ ಎಂಬ ಹಟ ಕಂಪನಿಗೆ ಮೊದಲೇ ಇತ್ತು. ಕಿತ್ತೂರಿನ ದತ್ತುಮಗ ಶಿವಲಿಂಗಪ್ಪನನ್ನು ಒಪ್ಪದೆ ಹೋದದ್ದು ಅದೇ ಹಟದಿಂದ. ಡಾಲ್‌ಹೌಸಿ ಮುಂದೆ ಅದನ್ನು ನೀತಿಯೆಂದು ಹಿಡಿದು ರಾಜ್ಯದ ಮೇಲೆ ರಾಜ್ಯ ಕಸಿದ. ಹೇಳಲು ಮೂರು ನಿಮಿಷ ಸಾಕು. ಆ ಮೂರು ನಿಮಿಷ ಉಳಿಸಿ “ಅದನ್ನೇ ತುಂಬು” ಎಂದರೆ ಹುಡುಗಿಗೆ ಒಂದು ಅಂಕ ಸಿಗುತ್ತದೆ ನಿಜ. ಜೊತೆಗೆ, ತಾಳೆಯಾಗದ ಎರಡು ಮಾತು ಎದುರಿಗಿದ್ದರೂ ಸುಮ್ಮನಿರುವುದೇ ಜಾಣತನ ಎಂಬುದನ್ನೂ ಅವಳು ಕಲಿಯುತ್ತಾಳೆ. ಕಿತ್ತೂರಿನ ರಾಣಿ ಚೆನ್ನಮ್ಮನ ಸಮಾಧಿಯಿರುವ ಬೈಲಹೊಂಗಲದಲ್ಲಿ ಕೂತು ಇದನ್ನು ಕಲಿಸುತ್ತೇವೆ!

ಸವದತ್ತಿಗೆ ಬಂದರೆ ವಿಷಯ ಇನ್ನೂ ತೊಡಕಿನದು. ‘ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ ಕರ್ನಾಟಕದ ಕಾಯ್ದೆ ಯಾವ ವರ್ಷದ್ದು? 1961, 1976, 1982, 2006’ ಎಂಬಂಥ ಒಂದು ಪ್ರಶ್ನೆ ಇದೆ ಎನ್ನಿ. ಪ್ರಶ್ನೆಯೇನೋ ಚೆನ್ನಾಗಿದೆ, ಆಯ್ಕೆಗಳಲ್ಲಿ ಯಾವುದೂ ಬಾಯಿಗೆ ಬಂದದ್ದಲ್ಲ: 1961 ವರದಕ್ಷಿಣೆ ನಿಷೇಧದ್ದು, 1976 ಜೀತ ನಿರ್ಮೂಲನದ್ದು, 2006 ಬಾಲ್ಯವಿವಾಹ ನಿಷೇಧದ್ದು. ಬೇರೆ ಜಿಲ್ಲೆಯಲ್ಲಿ ಇದನ್ನು ಓದಿ, 1982ಕ್ಕೆ ಗುರುತು ಹಾಕಿ, ಮುಂದಿನದಕ್ಕೆ ಹೋಗಬಹುದು. ಯಲ್ಲಮ್ಮನ ಗುಡ್ಡದ ಕೆಳಗಿನ ತರಗತಿಯಲ್ಲಿ ಹಾಗಲ್ಲ. ಭರತ ಹುಣ್ಣಿಮೆಗೆ ಉಧೋ ಉಧೋ ಎಂದು ಗುಡ್ಡವೆಲ್ಲ ಜನ ತುಂಬುವ ಊರು ಇದು. ಮುತ್ತು ಕಟ್ಟಿಸಿಕೊಂಡು ದೇವದಾಸಿಯಾದ ಅಜ್ಜಿಯ ಮೊಮ್ಮಗಳು ಎರಡನೆಯ ಬೆಂಚಿನಲ್ಲೇ ಕೂತಿರಬಹುದು. ಪ್ರಶ್ನೆಯನ್ನು ಗಟ್ಟಿಯಾಗಿ ಓದಿದಾಗ ಉಳಿದವರು ತಿರುಗಿ ನೋಡುವುದು ಅವಳನ್ನೇ.

ಶಿಕ್ಷಕ ಏನು ಮಾಡಬೇಕು? ಮರ್ಯಾದೆಗೆ ಅಂಜಿ ಪ್ರಶ್ನೆಯನ್ನೇ ಹಾರಿಸಿದರೆ ಆ ಅಂಕವೂ ಆ ವಿದ್ಯಾರ್ಥಿವೇತನವೂ ಎಲ್ಲರಿಗಿಂತ ಹೆಚ್ಚು ಬೇಕಾದವಳಿಗೇ ಅನ್ಯಾಯ. ಒಂದು ಗುಡಿ ಯಾವ ಶೈಲಿಯದು ಎಂಬಷ್ಟೇ ತಣ್ಣಗೆ ಓದಿ ಮುಗಿಸಿದರೆ ಅದೂ ಒಂದು ಬಗೆಯ ಕಲ್ಲೆದೆ. ನನಗೆ ಸರಿಯೆನಿಸುವುದು ಇಷ್ಟು: 1982ರ ಕಾಯ್ದೆ ಏನು ಹೇಳಿತು ಎಂಬುದನ್ನು ಎಲ್ಲರ ಮುಂದೆ ಹೇಳಬೇಕು. ಅದು ಶಿಕ್ಷೆ ವಿಧಿಸಿದ್ದು ಮುತ್ತು ಕಟ್ಟಿದವರಿಗೆ, ಕಟ್ಟಲು ಒತ್ತಾಸೆಯಾದವರಿಗೆ. ಕಟ್ಟಿಸಿಕೊಂಡ ಹೆಣ್ಣು ಮದುವೆಯಾದರೆ ಆ ಮದುವೆ ಸಿಂಧು ಎಂದು ಅದೇ ಕಾಯ್ದೆ ಹೇಳಿತು. ತಲೆ ತಗ್ಗಿಸಬೇಕಾದವರು ಯಾರು ಎಂಬುದು ಆಗ ತರಗತಿಗೆ ತಾನಾಗಿ ತಿಳಿಯುತ್ತದೆ. ಇನ್ನೊಂದು ಸಂಗತಿಯೂ ಇದೆ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ, 1934ರಲ್ಲೇ, ದೇವದಾಸಿಯರ ರಕ್ಷಣೆಗೆಂದು ಒಂದು ಕಾಯ್ದೆ ಬಂದಿತ್ತು. ಒಂದು ಸಲ ಬಂದ ಕಾನೂನು ಸುಮಾರು ಐವತ್ತು ವರ್ಷದ ಮೇಲೆ ಮತ್ತೆ ಯಾಕೆ ಬರಬೇಕಾಯಿತು? ಈ ಪ್ರಶ್ನೆಗೆ ನಾಲ್ಕು ಆಯ್ಕೆ ಕೊಡಲು ಬರುವುದಿಲ್ಲ, ಕೀ ಉತ್ತರವೂ ಇಲ್ಲ. ಸಮಾಜ ಎಂಬ ವಿಷಯವನ್ನು ಶಾಲೆಯಲ್ಲಿ ಇಟ್ಟದ್ದೇ ಇದಕ್ಕೆ ಎಂದು ನನ್ನ ಎಣಿಕೆ.

ರಾಮದುರ್ಗದ್ದೂ ಹೀಗೇ. ನರಗುಂದದ ದೊರೆ ಬಾಬಾಸಾಹೇಬ 1858ರ ಬಂಡಾಯದ ಪಾಠದಲ್ಲಿ ಬರುತ್ತಾನೆ. ಅವನ ಕಡೆಯವರು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದದ್ದು ಈ ತಾಲ್ಲೂಕಿನ ಸುರೇಬಾನದಲ್ಲಿ ಎಂಬುದನ್ನು ಸುರೇಬಾನದ ಮಕ್ಕಳಿಗಾದರೂ ಹೇಳಬೇಕಲ್ಲ. ರಾಮದುರ್ಗ ಸಂಸ್ಥಾನದಲ್ಲಿ 1939ರ ಏಪ್ರಿಲ್‌ನಲ್ಲಿ ಪ್ರಜೆಗಳ ಚಳವಳಿ ರಕ್ತಪಾತಕ್ಕೆ ತಿರುಗಿತು. ಪೊಲೀಸರು ಸತ್ತರು, ಆಮೇಲೆ ಚಳವಳಿಯವರು ಗಲ್ಲಿಗೇರಿದರು, ಗಾಂಧೀಜಿ ಅಲ್ಲಿನ ಹಿಂಸೆಯನ್ನು ಖಂಡಿಸಿದರು. ಸತ್ತ ಪೊಲೀಸರೂ ಸಂಬಳಕ್ಕೆ ದುಡಿಯುತ್ತಿದ್ದವರೇ. ಗಲ್ಲಿಗೇರಿದವರು ನ್ಯಾಯ ಕೇಳಲು ಹೊರಟವರು. ಯಾರು ಸರಿ? ಒಂದು ನಿಮಿಷದಲ್ಲಿ ಒಂದು ವೃತ್ತ ತುಂಬಿ ತೀರ್ಮಾನಿಸುವ ಮಾತಲ್ಲ ಇದು. ಇಂಥದು ಪರೀಕ್ಷೆಗೆ ಬರುವುದಿಲ್ಲ ಎಂಬುದಕ್ಕೆ ನನಗೆ ಬೇಸರವಿಲ್ಲ, ಬಾರದಿರುವುದೇ ಲೇಸು. ತರಗತಿಗೂ ಬಾರದೆ ಹೋದರೆ ಮಾತ್ರ ಕೇಳುವವರಾರು?

ಹೊತ್ತೆಲ್ಲಿದೆ ಎಂದು ಶಿಕ್ಷಕರು ಕೇಳಬಹುದು, ಆ ಪ್ರಶ್ನೆ ನ್ಯಾಯವಾದದ್ದೇ. ಬಿಸಿಯೂಟದ ಲೆಕ್ಕ, ಸಮೀಕ್ಷೆ, ಆನ್‌ಲೈನ್ ಮಾಹಿತಿ ತುಂಬುವುದು, ಇವುಗಳ ನಡುವೆ ಸಿಕ್ಕ ತಾಸು ಅದು. ಮೇಲಿನವರಿಗೂ ಒಂದು ನಿಲುವಿಲ್ಲ. 2024ರ ಮಾರ್ಚಿನಲ್ಲಿ ರಾಜ್ಯದ ಐದು, ಎಂಟು, ಒಂಬತ್ತನೆಯ ತರಗತಿಗಳ ಬೋರ್ಡ್ ಪರೀಕ್ಷೆ ಶುರುವಾಗಿ, ಕೋರ್ಟಿನ ತಡೆಯಿಂದ ನಡುವೆಯೇ ನಿಂತು, ಮತ್ತೆ ನಡೆಯಿತು. ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನ್ಯಾಯಾಂಗದ ಪಾಠ ಓದುತ್ತಿದ್ದ ಮಕ್ಕಳ ತಲೆಯ ಮೇಲೆಯೇ ನ್ಯಾಯಾಂಗ ಕೆಲಸ ಮಾಡುತ್ತಿತ್ತು! ಹೈಕೋರ್ಟ್ ಎಂದರೇನು ಎಂದು ವಿವರಿಸಲು ಅದಕ್ಕಿಂತ ಒಳ್ಳೆಯ ವಾರ ಇನ್ನೊಂದು ಸಿಗಲಾರದು. ಎಷ್ಟು ತರಗತಿಗಳಲ್ಲಿ ಅದರ ಮಾತು ಬಂದಿತೋ.

ಇನ್ನು ಹಣದ ಲೆಕ್ಕಕ್ಕೇ ಬರೋಣ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ ಒಂದು ಲಕ್ಷ ಹೊಸ ವಿದ್ಯಾರ್ಥಿವೇತನ. ಸಂಜೆ ತರಗತಿಯಲ್ಲಿ ಕೂತ ಹೆಚ್ಚಿನ ಮಕ್ಕಳಿಗೆ ಅದು ಸಿಗುವುದಿಲ್ಲ, ಶಿಕ್ಷಕರಿಗೂ ಇದು ಗೊತ್ತು. ಸಿಕ್ಕವರಿಗೆ 12,000 ಇದೆ. ಸಿಗದವರು ಆ ತರಗತಿಯಿಂದ ಒಯ್ಯುವುದು ಅಲ್ಲಿ ಕೇಳಿದ ಮಾತುಗಳನ್ನಷ್ಟೇ. ಅವರಲ್ಲಿ ಕೆಲವರು ಮುಂದೆ ಗುಡ್ಡದ ದಾರಿಯಲ್ಲಿ ಕಾಯಿ-ಕರ್ಪೂರದ ಅಂಗಡಿ ಇಡುತ್ತಾರೆ, ಮಲಪ್ರಭೆಯ ದಂಡೆಯಲ್ಲಿ ಕಬ್ಬು ಬೆಳೆಯುತ್ತಾರೆ, ಪಂಚಾಯಿತಿಗೆ ಆರಿಸಿ ಬರುತ್ತಾರೆ. 2019ರಂತೆ ಹೊಳೆ ಮತ್ತೆ ಊರೊಳಗೆ ನುಗ್ಗಿದರೆ ಪರಿಹಾರದ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂದು ನೋಡಬೇಕಾದವರು ಅವರು. ಓಣಿಯಲ್ಲಿ ಯಾರದೋ ಮಗಳಿಗೆ ಗುಟ್ಟಾಗಿ ಮುತ್ತು ಕಟ್ಟುವ ಮಾತು ಎದ್ದರೆ, 1982 ಎಂಬ ಇಸವಿ ನೆನಪಿದ್ದು ಆಗುವುದೇನೂ ಇಲ್ಲ. 1098ಕ್ಕೆ ಫೋನ್ ಮಾಡಬೇಕು. ಮಕ್ಕಳ ಸಹಾಯವಾಣಿಯ ಆ ಸಂಖ್ಯೆಯೂ ಪರೀಕ್ಷೆಗೆ ಬರಬಹುದು, ಒಂದು ಅಂಕಕ್ಕೆ.