ಒಡ್ಡು ಮತ್ತು ಕೋಡಿ

ಮಾನವನು ತನ್ನದೆಂದು ಹೇಳಿಕೊಳ್ಳುವ ವಸ್ತುಗಳಲ್ಲಿ ಭೂಮಿಯಷ್ಟು ಸ್ಥಿರವಾದುದು ಮತ್ತೊಂದಿಲ್ಲವೆಂಬುದು ಲೋಕದ ಭಾವನೆ. ಹಣ ಕಳುವಾದೀತು, ದನ ಸತ್ತೀತು, ಮನೆ ಬಿದ್ದೀತು. ಹೊಲವು ಮಾತ್ರ ಇದ್ದಲ್ಲಿಯೇ ಇರುವುದೆಂದು ರೈತನು ನಂಬಿರುತ್ತಾನೆ. ಆದರೆ ಹೊಲವೂ ಹೋಗುತ್ತದೆ. ಪಹಣಿಯಲ್ಲಿ ಎಕರೆ ಗುಂಟೆಗಳು ಹಾಗೆಯೇ ಉಳಿದಿರುವಾಗಲೇ ಮೇಲಿನ ಮಣ್ಣು ಮಳೆಮಳೆಗೂ ತೆಳುವಾಗಿ ಕರಗಿ, ಹಳ್ಳವನ್ನು ಸೇರಿ, ಹೊಳೆಯ ಪಾಲಾಗುತ್ತದೆ. ಕಾಗದದ ಮೇಲೆ ಒಡೆತನವು ಉಳಿಯುತ್ತದೆ, ಒಡವೆಯು ಹೋಗುತ್ತದೆ. ಹಾಗಾದರೆ ಭೂಮಿಯ ಒಡೆಯನಾರು? ತನ್ನ ಹೊಲದ ಮಣ್ಣನ್ನು ಹರಿಯಗೊಡುವ ಅಧಿಕಾರ ಅವನಿಗುಂಟೆ? ತನ್ನ ಹೊಲಕ್ಕೆ ಬಂದ ನೀರನ್ನೆಲ್ಲ ತಾನೇ ಹಿಡಿದಿಟ್ಟುಕೊಳ್ಳುವ ಅಧಿಕಾರವಾದರೂ ಉಂಟೆ?

ಈ ಪ್ರಶ್ನೆಗಳು ಬರಿಯ ತರ್ಕದವಲ್ಲ. ಇಂದಿನ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳನ್ನೊಳಗೊಂಡಿದ್ದ ಹಳೆಯ ಬಿಜಾಪುರ ಜಿಲ್ಲೆಯ ಒಕ್ಕಲುತನವನ್ನು ನೋಡಿದರೆ ಇವು ಹೊಲದ ಬದುವಿನ ಮೇಲೆಯೇ ಹುಟ್ಟಿದ ಪ್ರಶ್ನೆಗಳೆಂಬುದು ತಿಳಿಯುತ್ತದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು, ಅದೂ ನಂಬಿಗೆಯದಲ್ಲ. ಎರೆ ಭೂಮಿಯನ್ನು ಮುಂಗಾರಿನಲ್ಲಿ ಬಿತ್ತದೆ ಬಿಟ್ಟು, ಸಪ್ಟಂಬರ ಅಕ್ಟೋಬರದಲ್ಲಿ ಹಿಂಗಾರಿ ಬಿಳಿಜೋಳವನ್ನೂ ಕಡಲೆ ಕುಸುಬೆಗಳನ್ನೂ ಬಿತ್ತುವುದು ಅಲ್ಲಿನ ಪದ್ಧತಿ. ಬಿತ್ತಿದ ಮೇಲೆ ಮಳೆಯ ಆಸೆ ಕಡಿಮೆ. ನೆಲದ ಹೊಟ್ಟೆಯಲ್ಲಿ ನಿಂತ ಹಸಿಯೇ ಬೆಳೆಯನ್ನು ಸಾಕಬೇಕು. ಆದರೆ ಮುಂಗಾರಿನ ಜೋರು ಮಳೆ ಬೀಳುವುದು ಬರಿದಾಗಿ ಬಿದ್ದ ಹೊಲದ ಮೇಲೆ. ಹನಿಯ ಪೆಟ್ಟಿಗೆ ಹೆಂಟೆ ಒಡೆದು, ನುಣ್ಣನೆಯ ಕೆಸರು ಮಣ್ಣಿನ ಬಾಯಿಯನ್ನು ಮುಚ್ಚುತ್ತದೆ. ಒಳಗೆ ಇಂಗಬೇಕಾದ ನೀರು ಮೇಲೆಯೇ ಹರಿಯುತ್ತದೆ. ಹರಿಯುವಾಗ ಮಣ್ಣಿನ ಸಾರವನ್ನೂ ಜತೆಗೆ ಒಯ್ಯುತ್ತದೆ. ಹೀಗೆ ಒಂದೇ ಮಳೆಯಲ್ಲಿ ರೈತನು ಈ ವರ್ಷದ ಬೆಳೆಯನ್ನೂ ಮೊಮ್ಮಕ್ಕಳ ಬೆಳೆಯನ್ನೂ ಕಳೆದುಕೊಳ್ಳುತ್ತಾನೆ. ಒಂದು ಅಂಗುಲದ ಮೇಲ್ಮಣ್ಣು ಹುಟ್ಟಬೇಕಾದರೆ ನೂರಾರು ವರ್ಷ ಬೇಕು.

ಇದಕ್ಕೆ ಉಪಾಯವನ್ನು ಹುಡುಕಲೆಂದು 1933ರಲ್ಲಿ ಬಿಜಾಪುರದಲ್ಲಿಯೂ ಸೊಲ್ಲಾಪುರದಲ್ಲಿಯೂ ಒಣ ಬೇಸಾಯದ ಸಂಶೋಧನಾ ಕೇಂದ್ರಗಳು ಆರಂಭವಾದವು. ಅವು ಕಲಿಸಿದ ಪಾಠಗಳು ಸರಳವಾದವು. ಇಳಿಜಾರಿಗೆ ಅಡ್ಡಲಾಗಿ ಉಳಬೇಕು. ಮುಂಗಾರಿನಲ್ಲಿ ಮೇಲಿಂದ ಮೇಲೆ ಕುಂಟೆ ಹೊಡೆದು ನೆಲದ ಬಾಯಿ ತೆರೆದಿರುವಂತೆ ನೋಡಿಕೊಳ್ಳಬೇಕು. ಹೊಲವನ್ನು ಚೌಕು ಮಡಿಗಳಾಗಿ ಮಾಡಿ ಬಿದ್ದ ಹನಿಯನ್ನು ಬಿದ್ದಲ್ಲಿಯೇ ನಿಲ್ಲಿಸಬೇಕು. ಸಾಲುಗಳನ್ನು ಅಗಲವಾಗಿಸಿ, ಬೀಜ ಕಡಿಮೆ ಹಾಕಿ, ನಡುವೆ ಎಡೆ ಹೊಡೆಯಬೇಕು. ಇವೆಲ್ಲಕ್ಕೂ ಕಾವಲಾಗಿ ಒಡ್ಡುಗಳಿರಬೇಕು.

ಕುಂಟೆ ಹೊಡೆಯುವುದು ಒಬ್ಬನ ಕೈಯ ಮಾತು. ಒಡ್ಡು ಹಾಗಲ್ಲ. ನೆಲದ ಮಟ್ಟವನ್ನು ಅನುಸರಿಸಿ ಹೋಗುವ ಸಮಪಾತಳಿ ಒಡ್ಡು ಸರ್ವೆ ನಂಬರುಗಳನ್ನು ಕೇಳಿಕೊಂಡು ತಿರುಗುವುದಿಲ್ಲ. ಒಬ್ಬನ ಹೊಲವನ್ನು ಓರೆಯಾಗಿ ದಾಟಿ ಇನ್ನೊಬ್ಬನ ಹೊಲವನ್ನು ಹೊಗುತ್ತದೆ. ಆದುದರಿಂದ ಅದು ಊರಿನ ಕೆಲಸ. ಅಂದಿನ ಮುಂಬಯಿ ಪ್ರಾಂತದಲ್ಲಿ 1942ರಲ್ಲಿ ಭೂಸುಧಾರಣಾ ಯೋಜನೆಗಳ ಕಾಯಿದೆ ಬಂದುದು ಇದಕ್ಕಾಗಿಯೇ. 1942–43ರ ಬರಗಾಲದಲ್ಲಿ ಹಸಿದವರ ಕೈಗೆ ಕೂಲಿ ಕೊಡಲು ಕೈಕೊಂಡ ಕಾಮಗಾರಿಗಳಲ್ಲಿ ಒಡ್ಡು ಹಾಕುವುದೂ ಒಂದಾಗಿತ್ತು. ರಾಜ್ಯವು ಒಂದಾದ ಬಳಿಕ 1961ರಲ್ಲಿ ಮೈಸೂರು ರಾಜ್ಯವೂ ಇಂಥದೇ ಕಾಯಿದೆಯನ್ನು ಮಾಡಿತು.

ಆದರೆ ಕಾಯಿದೆಯು ಒಡ್ಡನ್ನು ಹಾಕಿಸಬಲ್ಲದು, ಉಳಿಸಲಾರದು. ಒಡ್ಡು ತನ್ನ ಹೊಲದ ಒಂದು ಪಟ್ಟಿ ನೆಲವನ್ನು ತಿಂದಿತೆಂದು ಒಬ್ಬನು ವರ್ಷಕ್ಕೊಂದು ಸಾಲಿನಂತೆ ಅದನ್ನು ಉತ್ತು ಸವೆಸುತ್ತಾನೆ. ಮಳೆಯಲ್ಲಿ ನೀರು ನಿಂತಿತೆಂದು ಇನ್ನೊಬ್ಬನು ರಾತ್ರಿ ಗುದ್ದಲಿಯೊಡನೆ ಹೋಗಿ ಕಡಿಯುತ್ತಾನೆ. ತನ್ನ ಹೊಲದಲ್ಲಿ ತಾನು ಮಾಡಿಕೊಂಡರೆ ತಪ್ಪೇನೆಂಬುದು ಅವನ ವಾದ. ಕಡಿದ ಗಂಡಿಯಿಂದ ನುಗ್ಗಿದ ನೀರು ಕೆಳಗಿನವನ ಹೊಲದಲ್ಲಿ ಕೊರಕಲನ್ನು ತೆಗೆಯುತ್ತದೆ. ಆ ಕೊರಕಲು ಮುಂದಿನ ವರ್ಷಗಳಲ್ಲಿ ಮೇಲುಮುಖವಾಗಿ ಬೆಳೆದು ಕಡಿದವನ ಹೊಲವನ್ನೇ ಸೇರುತ್ತದೆ. ನೆರೆಯವನಿಗೆ ಮಾಡಿದ ಕೇಡು ತನ್ನ ಮನೆಯ ದಾರಿಯನ್ನು ಮರೆಯುವುದಿಲ್ಲ.

ಹಾಗೆಂದು ರಾತ್ರಿ ಗುದ್ದಲಿ ಹಿಡಿದವನು ದುಷ್ಟನೆಂದು ಹೇಳಿ ಮುಗಿಸುವುದು ನ್ಯಾಯವಲ್ಲ. ಅವನ ದೂರಿನಲ್ಲಿ ಸತ್ಯವಿತ್ತು. 1954ರಲ್ಲಿ ಸ್ಥಾಪಿತವಾದ ಬಳ್ಳಾರಿಯ ಭೂಸಂರಕ್ಷಣಾ ಸಂಶೋಧನಾ ಕೇಂದ್ರದ ಅನುಭವವೂ ಅದನ್ನೇ ಹೇಳಿತು. ಆಳವಾದ ಎರೆ ಮಣ್ಣು ನೀರನ್ನು ನಿಧಾನವಾಗಿ ಕುಡಿಯುತ್ತದೆ. ಸಮಪಾತಳಿ ಒಡ್ಡಿನ ಹಿಂದೆ ದಿನಗಟ್ಟಲೆ ನೀರು ನಿಂತು ಬೆಳೆ ಕೆಡುತ್ತದೆ. ಬೇಸಗೆಯಲ್ಲಿ ಬಿರಿದ ಒಡ್ಡು ಮಳೆಗೆ ಒಡೆಯುತ್ತದೆ. ಇಂಥ ನೆಲಕ್ಕೆ ಅಲ್ಪ ಇಳಿಜಾರು ಕೊಟ್ಟ ಒಡ್ಡು ಬೇಕು. ಹೆಚ್ಚಾದ ನೀರು ಮಣ್ಣನ್ನು ಕೊಚ್ಚದೆ ಮೆಲ್ಲನೆ ಹೊರಬೀಳಲು ಕೋಡಿಯೂ, ಹುಲ್ಲು ಬೆಳೆದ ಕಾಲುವೆಯೂ ಬೇಕು. ಸದುದ್ದೇಶವು ಜ್ಞಾನದ ಕೊರತೆಯನ್ನು ತುಂಬಲಾರದು. ಹರಿಯಗೊಡುವುದು ಹೇಗೆ ದೋಷವೋ, ಮಿತಿಯಿಲ್ಲದೆ ಹಿಡಿದಿಡುವುದೂ ಹಾಗೆಯೇ ದೋಷ. ಒಡ್ಡಿಲ್ಲದ ಹೊಲವು ಬಡವಾಗುತ್ತದೆ. ಕೋಡಿಯಿಲ್ಲದ ಒಡ್ಡು ಒಡೆಯುತ್ತದೆ.

ಸೊಲ್ಲಾಪುರವು ಶರಣರ ಕಾಲದ ಸೊನ್ನಲಿಗೆ. ಅಲ್ಲಿಯೇ ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದರು. ಆ ಕೆಲಸದಲ್ಲಿ ಮುಳುಗಿದ್ದ ಅವರನ್ನು ಅಲ್ಲಮಪ್ರಭುಗಳು ಬಂದು ಕೆಣಕಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಪ್ರಭುಗಳು ಕೆರೆಯನ್ನು ಬೇಡವೆಂದರೆಂದು ತಿಳಿಯುವುದು ತಪ್ಪು. ‘ನಾನು ಕಟ್ಟಿದೆ’ ಎಂಬ ಭಾವವನ್ನು ಅವರು ಬೇಡವೆಂದರು. ಕೆರೆಯು ಇಂದಿಗೂ ಇದೆ. ಸಿದ್ಧರಾಮರು ಶಿವಯೋಗಿಗಳಾದುದು ಆ ‘ನಾನು’ ಕಳೆದ ಮೇಲೆ. ಒಡ್ಡಿಗೂ ಇದೇ ಮಾತು ಸಲ್ಲುತ್ತದೆ. ‘ನನ್ನ ಹೊಲ, ನನ್ನ ನೀರು’ ಎಂದು ಕಟ್ಟಿದ ಒಡ್ಡು ಜಗಳಕ್ಕೆ ಗಡಿಯಾಗುತ್ತದೆ. ಕೆಳಗಿನವನನ್ನು ನೆನೆದು ಕಟ್ಟಿದುದು ಕಾಯಕವಾಗುತ್ತದೆ, ಅದರ ಕೋಡಿಯಿಂದ ಮಣ್ಣಿಲ್ಲದೆ ತಿಳಿಯಾಗಿ ಇಳಿದ ನೀರು ದಾಸೋಹವಾಗುತ್ತದೆ.

ಆದುದರಿಂದ ಮಣ್ಣಿನ ಒಡೆಯನಾರೆಂಬ ಪ್ರಶ್ನೆಗೆ ಉತ್ತರವು ಪಹಣಿಯಲ್ಲಿ ದೊರೆಯಲಾರದು. ತಂದೆಯಿಂದ ಬಂದ ಮಣ್ಣನ್ನು ಮಗನಿಗೆ ಕಡಿಮೆಯಾಗದಂತೆ ಒಪ್ಪಿಸುವವನು, ಮೇಲಿನಿಂದ ಬಂದ ನೀರನ್ನು ಕೆಳಗಿನವನಿಗೆ ಕೇಡಾಗದಂತೆ ಕಳಿಸುವವನು ಅದರ ಪಾಲಕನು. ಅದಕ್ಕಿಂತ ಹೆಚ್ಚಿನ ಒಡೆತನ ಮನುಷ್ಯನಿಗಿಲ್ಲ. ಮಳೆಗಾಲಕ್ಕೆ ಮುಂಚೆ ಗೃಹಸ್ಥನು ತನ್ನ ಒಡ್ಡಿನ ಉದ್ದಕ್ಕೂ ಒಮ್ಮೆ ನಡೆದು, ಹೆಗ್ಗಣದ ಬಿಲವನ್ನು ಮುಚ್ಚಿ, ಸವೆದಲ್ಲಿ ಮಣ್ಣು ಹಾಕಿ, ಕೋಡಿಯ ಕಲ್ಲುಗಳನ್ನು ಸರಿಪಡಿಸಲಿ. ಆ ನಡಿಗೆಯು ನೆರೆಯವನ ಬದುವಿನವರೆಗೂ ಸಾಗಿ, ಅಲ್ಲಿ ಇಬ್ಬರೂ ಕೂಡಿ ನಿಂತು ನೀರಿನ ದಾರಿಯನ್ನು ಮಾತಾಡಿಕೊಂಡರೆ, ಗುದ್ದಲಿಗೆ ರಾತ್ರಿ ಕೆಲಸವಿರುವುದಿಲ್ಲ.